ಕಲ್ಲು ಲೆಕ್ಕಕ್ಕಿಲ್ಲ

ಕೋಪರಖೈರಣೆ
ಜನವರಿ ೨೦೧೦

ಪಪ್ಪನಿಗೆ ತೃಷಾಳ ನಮಸ್ಕಾರ.

ಮುಂದಿನ ತಿಂಗಳು ಹನ್ನೆರಡನೆಯ ತರಗತಿಯ ಪರೀಕ್ಷೆ. ಕೆಮಿಸ್ಟ್ರಿಯ ಒಂದು ಲೆಕ್ಕ ನನ್ನ ತಲೆ ಕೆಡಿಸಿದೆ. ಮುಚ್ಚಿದ ಪಾತ್ರೆಯಲ್ಲಿ ಸುಣ್ಣದ ಕಲ್ಲು ಕಾಯಿಸಿದರೆ ಗ್ಯಾಸ್ ಬರುತ್ತದೆ, ಕೊನೆಗೆ ಎಲ್ಲವೂ ಸಮತೋಲನಕ್ಕೆ ನಿಲ್ಲುತ್ತದೆ. ಅದರ ಸ್ಥಿರಾಂಕ ಕಂಡುಹಿಡಿಯಬೇಕು. ನಾನು ಕಲ್ಲನ್ನೂ ಸೇರಿಸಿದ್ದಕ್ಕೆ ಉತ್ತರ ತಪ್ಪಾಯಿತು.

"ಗ್ಯಾಸಿನ ಪ್ರೆಷರ್ ಮಾತ್ರ ತಗೊಳ್ಬೇಕು ಮಾರಾಯ್ತಿ, ಕಲ್ಲು ಲೆಕ್ಕಕ್ಕಿಲ್ಲ" ಎಂದರು ಕ್ಲಾಸಿನ ಶೆಟ್ಟಿ ಸರ್.

ಹಾಗಾದರೆ ಕಲ್ಲನ್ನು ತೆಗೆದುಬಿಡಬಹುದಾ ಎಂದು ಕೇಳಿದೆ.

"ಛೆ! ಅದು ಒಳಗೆ ಇರ್ಲೇಬೇಕು. ಇಲ್ಲದಿದ್ರೆ ಸಮತೋಲನ ಎಲ್ಲಿಂದ?"

ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ಆ ದಿನ ಅಮ್ಮ "ನೀವು ಈ ಮನೆಯಲ್ಲಿ ಲೆಕ್ಕಕ್ಕೇ ಇಲ್ಲ" ಎಂದದ್ದಕ್ಕೆ ನೀವು ಮಾಜಿವಾಡಾದ ನಿಮ್ಮ ಹೋಟೆಲಿನ ರೂಮಿಗೆ ಹೋದಿರಿ. ಮನೆಯಲ್ಲಿದ್ದಾಗಲೂ ನೀವು ಪೇಪರ್ ಹಿಡಿದು ಸುಮ್ಮನೆ ಕೂತಿರುತ್ತಿದ್ದಿರಿ, ಅಷ್ಟೇ. ಈಗ ನಾನೂ ಅಮ್ಮನೂ ಬಾಯಿ ತೆರೆದರೆ ಜಗಳ. ಯಾಕೆಂದು ಇಬ್ಬರಿಗೂ ಗೊತ್ತಿಲ್ಲ.

ಭಾನುವಾರ ಬಂದು ಸ್ವಲ್ಪ ಹೊತ್ತು ಕೂತುಕೊಳ್ಳಿ. ಏನೂ ಮಾತಾಡಬೇಕಾಗಿಲ್ಲ. ನಿಮ್ಮ ಕನ್ನಡ ಪೇಪರನ್ನು ಇಲ್ಲಿ ಬೇರೆ ಯಾರೂ ಓದುವುದಿಲ್ಲ, ಆದರೂ ಅಮ್ಮ ಅದನ್ನು ಇನ್ನೂ ನಿಲ್ಲಿಸಿಲ್ಲ.

ನಿಮ್ಮ
ತೃಷಾ