ಕೈತಪ್ಪಿದ ಗುರುವಾರ

ಮಾರ್ಚ್ ೧೪, ಗುರುವಾರ

ಇವತ್ತು ಗಿಟಾರ್ ಹೊತ್ತುಕೊಂಡು, ಪ್ರತಿ ಗುರುವಾರ ನಾನು ಹಾಡುವ ಪಬ್ಬಿಗೆ ಹೋದವನು ಅದರ ಚೀಲವನ್ನೂ ಬಿಚ್ಚದೆ ವಾಪಸು ಬಂದೆ. ಗಂಟಲು ಕೆಟ್ಟಿದ್ದ ಎರಡು ವಾರ ನನ್ನ ಬದಲಿಗೆ ಹಾಡಲು ಚಿಕ್ಕಮ್ಮನ ಮಗನನ್ನು ಕಳಿಸಿದ್ದು ನಾನೇ. ಯಾವ ಮೇಜಿನವರಿಗೆ ಯಾವ ಹಾಡು ಇಷ್ಟ ಎಂದು ಬರೆದಿಟ್ಟ ನೋಟ್‌ಬುಕ್ಕನ್ನೂ ಅವನ ಕೈಗಿಟ್ಟಿದ್ದೆ.

“ನಿಮ್ಮ ತಮ್ಮ ಹೇಳ್ಲಿಲ್ವಾ ಸಾರ್? ನಿಮ್ಮ ಗಂಟಲು ಇನ್ನು ಸರಿಹೋಗಲ್ವಂತೆ. ಇನ್ಮೇಲೆ ಗುರುವಾರ ಅವರೇ ಹಾಡ್ತಾರೆ,” ಎಂದರು ಮಾಲೀಕರು.

ಬದಲಿಗೆ ಹೋದವನು ಮಾಲೀಕರಿಗೆ ತನ್ನ ನಂಬರ್ ಕೊಡಬಾರದು. ಹಾಡಿ ಹೊಟ್ಟೆ ಹೊರೆಯುವ ನಾವೆಲ್ಲ ಪಾಲಿಸುವ ನಿಯಮ ಅದೊಂದೇ. ಹನ್ನೊಂದು ಪಬ್ಬುಗಳ ಬಾಗಿಲು ತಟ್ಟಿ, ಒಂದು ವರ್ಷ ಖಾಲಿ ಕುರ್ಚಿಗಳಿಗೆ ಹಾಡಿ ಗಳಿಸಿದ ಗುರುವಾರ ಅದು. ಇವನಿಗೆ ಗಿಟಾರ್ ಕಲಿಸಿದ್ದು ನಾನೀಗ ಬರೆಯುತ್ತಾ ಕೂತಿರುವ ಇದೇ ಕೋಣೆಯಲ್ಲಿ. ತಂತಿ ಒತ್ತಿದರೆ ಬೆರಳು ನೋಯುತ್ತದೆ ಎಂದು ಅಳುತ್ತಿದ್ದ.

ಅವನಿಗೆ ಫೋನ್ ಮಾಡಿದೆ. “ಅವರೇ ಕೇಳಿದ್ರು ಅಣ್ಣಾ, ನಾನೇನ್ ಮಾಡ್ಲಿ?”

“ನನ್ನ ಗಂಟಲಿನ ವಿಷಯಾನೂ ಅವರೇ ಹೇಳಿದ್ರಾ?”

ಊಟ ಆಯ್ತಾ ಅಣ್ಣಾ ಎಂದು ಮಾತು ತಿರುಗಿಸಿದ. ನೋಟ್‌ಬುಕ್ ವಾಪಸು ಕೊಡು ಎಂದೆ.

“ನಾಳೇನೇ ತಂದ್ಕೊಡ್ತೀನಿ ಅಣ್ಣಾ. ಎಲ್ಲಾ ಪುಟ ಫೋಟೋ ತೆಗ್ದಿಟ್ಕೊಂಡಿದ್ದೀನಿ.”

ಫೋನ್ ಇಟ್ಟ ಮೇಲೆ ಒಂದು ಹಾಡನ್ನು ಪೂರ್ತಿ ಹಾಡಿ ನೋಡಿದೆ. ಗಂಟಲು ಎಲ್ಲೂ ತಡೆಯಲಿಲ್ಲ. ಸರಿಹೋಗಿದೆ ಎಂದು ಈಗ ಯಾರಿಗೆ ಹೇಳಲಿ.