ಹಲಗೆಯ ಮೊದಲನೆಯ ಹೆಸರು

ಮಾರ್ಚ್ 11, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಕೈಸೇರಿ ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟ ಪಾತ್ರೆಗಳನ್ನೇ. ಫೋನು ಮಾಡೋಣವೆಂದರೆ ನೀನು ಸದಾ ಆಸ್ಪತ್ರೆಯಲ್ಲಿ ಭಾವನ ಮಂಚದ ಪಕ್ಕದಲ್ಲೇ ಇರುತ್ತೀಯ. ಅವರಿಗೆ ಎಲ್ಲ ಕೇಳಿಸುತ್ತದೆ, ಮಾತಾಡಲು ಮಾತ್ರ ಆಗುವುದಿಲ್ಲ.

ಮನೆ ಸರಿಯಾಗಿದೆ. ನಿನ್ನ ಮಗಳು ಹಟ ಮಾಡದೆ ಶಾಲೆಗೆ ಹೋಗುತ್ತಿದ್ದಾಳೆ. ನಿನ್ನೆ ಜಡೆ ಹಾಕುವಾಗ, “ಚಿಕ್ಕಮ್ಮ, ದವಡೆ ತೆಗೆದುಬಿಟ್ರಲ್ಲ, ಅಪ್ಪ ಇನ್ನು ಹೇಗೆ ಊಟ ಮಾಡ್ತಾರೆ?” ಎಂದಳು. ಗಂಜಿ ಕುಡಿಯುತ್ತಾರೆ ಎಂದೆ. “ನಂಗೆ ಜ್ವರ ಬಂದಾಗ ಕೊಡ್ತೀರಲ್ಲ, ಅದಾ?” ಹೌದು ಎಂದೆ. ಅಷ್ಟಕ್ಕೇ ಸಮಾಧಾನವಾಗಿ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಈಚೆಗೆ ನನಗೆ ಏನೂ ಬರುವುದಿಲ್ಲ ಅಕ್ಕ. ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಸೂಜಿ ಬೆರಳಿಗೆ ಹೊಕ್ಕರೂ, ಪಕ್ಕದವಳು ಕೂಗಿದ ಮೇಲೆ ನೋಡಿಕೊಂಡೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. “ಕಟ್ಕೊಂಡ ಹೆಂಡತಿಗೂ ಹೇಳದೆ ಬಾಯಿ ಹುಣ್ಣು ಮುಚ್ಚಿಟ್ಟ ಅಂದ್ರೆ ಕದ್ದು ತಂಬಾಕು ತಿಂತಾ ಇದ್ದ ಅಂತಾನೇ ಅಲ್ವಾ? ನಿಜ ಬರಿ. ಆ ಮನುಷ್ಯನ ಹತ್ರ ಮಾತಾಡೋಕೇ ಮನಸ್ಸಿಲ್ಲ ನಂಗೆ.” ಕೊಳವೆಯಲ್ಲಿ ಹಾಲು ಹಾಕುತ್ತೀಯ, ಬಟ್ಟೆ ಬದಲಿಸುತ್ತೀಯ, ಆದರೆ ಮಾತಿಲ್ಲ ಎಂದು ಬರೆದಿದ್ದೀಯ. ಅವರೂ “ನಾನೇ ಯಾರಿಗೂ ಹೇಳಲಿಲ್ಲ” ಎಂದು ಚೀಟಿ ಬರೆದುಕೊಟ್ಟು ಗೋಡೆ ಕಡೆ ತಿರುಗಿದರಂತೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನೀನು ನಮ್ಮ ಹಾಸಿಗೆ ಕಾರ್ಖಾನೆಯ ಒಳಗೆ ಬಂದವಳಲ್ಲ. ಗೇಟಿನಲ್ಲೇ ಕಾವಲುಗಾರ ಬೆಂಕಿಪೆಟ್ಟಿಗೆ, ಲೈಟರು ಎಲ್ಲ ತೆಗೆದಿಟ್ಟುಕೊಳ್ಳುತ್ತಾನೆ. ಫೋಮಿಗೆ ಒಂದು ಕಿಡಿ ಸಾಕು. ಹಾಗಾಗಿ ಒಳಗೆ ಸೇದುವವರಿಲ್ಲ. ಎಲ್ಲರದೂ ಕೆನ್ನೆಯೊಳಗಿನ ತಂಬಾಕು. “ಹೊಗೆ ಇಲ್ಲ, ಬೆಂಕಿ ಇಲ್ಲ, ಇದ್ರಲ್ಲೇನಮ್ಮ ಅಪಾಯ?” ಎಂದು ಭಾವ ಇಪ್ಪತ್ತೆರಡು ವರ್ಷ ಕೇಳಿದರು. ಕಳೆದ ವರ್ಷ ನಾನು ತಂಬಾಕು ಬಿಡಿ ಎನ್ನುವ ಕರಪತ್ರ ಹಿಡಿದು ನಿಂತೆ. ಹೊಗೆಯಲ್ಲಿ ಬಂದರೂ ಎಲೆಯಲ್ಲಿ ಬಂದರೂ ನಿಕೋಟಿನ್ನಿನ ಹಗ್ಗ ಒಂದೇ. ಅದು ಗುಂಡಿಗೆಯನ್ನು ಓಡಿಸುತ್ತದೆ, ರಕ್ತದ ಒತ್ತಡ ಏರಿಸುತ್ತದೆ, ಬಿಡದಂತೆ ಕಟ್ಟಿಹಾಕುತ್ತದೆ. ಕಟ್ಟುಬಿದ್ದವನ ಬಾಯನ್ನು ಎಲೆಯ ಉಳಿದ ವಿಷಗಳು ತಿನ್ನುತ್ತವೆ. ಎಲ್ಲ ಬಾಯಿಪಾಠ. ನನ್ನ ತಲೆ ಕಂಡರೆ ಸಾಕು, “ಕರಪತ್ರ ಬಂತು, ಬಾಯಿ ತೊಳ್ಕೊಳ್ರಪ್ಪೋ!” ಎಂದು ಫೋಮು ಕತ್ತರಿಸುವ ಮೇಜಿನಿಂದ ಭಾವನೇ ಕೂಗುತ್ತಿದ್ದರು. ಕೊನೆಗೆ ಎಲ್ಲರಿಗಿಂತ ಮೊದಲು ಬಿಟ್ಟವರೂ ಅವರೇ.

ಅವತ್ತೇ ಗೇಟಿನ ಒಳಗೋಡೆಗೆ ಕಪ್ಪು ಹಲಗೆ ಹಾಕಿಸಿದೆ. ಬಿಟ್ಟವರ ಹೆಸರು, ಎದುರಿಗೆ ಬಿಟ್ಟ ದಿನಗಳ ಲೆಕ್ಕ. ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಒಂದೊಂದು ಕೂಡಿಸುತ್ತಿದ್ದೆ. ಮತ್ತೆ ಶುರು ಮಾಡಿದವರ ಹೆಸರನ್ನು ಊಟದ ಗಂಟೆಗೆ, ಎಲ್ಲರೆದುರು, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಪ್ಯಾಕಿಂಗಿನ ಕುಳ್ಳನ ಹೆಸರು ಒರೆಸಿದ ದಿನ ಅವನು ಊಟದ ಡಬ್ಬಿ ತೆರೆಯಲೇ ಇಲ್ಲ. ಅದನ್ನು ನನ್ನ ಗೆಲುವು ಎಂದುಕೊಂಡಿದ್ದೆ.

ಈಗ ಅದೇ ಕುಳ್ಳ ನಿನ್ನೆ ಹಲಗೆಯ ಮುಂದೆ ನಿಂತು, “ಮೊದಲನೇ ಹೆಸರಿಗೇ ಹಿಂಗಾಯ್ತು. ಇನ್ನು ಕೊನೇ ಹೆಸರಿನವರು ಬಿಟ್ಟು ಏನು ಕಡಿದು ಕಟ್ಟೆ ಹಾಕ್ಬೇಕು?” ಎಂದು ತಂಬಾಕಿನ ಡಬ್ಬಿ ತೆಗೆದು ಒಂದು ಚಿಟಿಕೆ ಕೆನ್ನೆಗೆ ಇಟ್ಟುಕೊಂಡ. ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು: ಇಪ್ಪತ್ತೆರಡು ವರ್ಷದ ವಿಷ ಇನ್ನೂರು ದಿನದಲ್ಲಿ ಹೋಗುವುದಿಲ್ಲ, ಬಿಟ್ಟದ್ದು ಒಳ್ಳೆಯದೇ, ಬಿಟ್ಟ ಮೇಲೂ ಬಾಯಿ ತೋರಿಸುತ್ತಿರಬೇಕು. ಹೇಳಬೇಕಿತ್ತು. ಅದರ ಬದಲು ಉಳಿದ ಹೆಸರುಗಳಿಗೆ ಅಂಕಿ ಕೂಡಿಸಿದೆ.

ಹಲಗೆಯ ಪಕ್ಕ ಅಂಟಿಸಿದ್ದ ಕರಪತ್ರವನ್ನು ಆಮೇಲೆ ಕಿತ್ತೆ. ಇದ್ದದ್ದು ಒಂದೇ ಪ್ರತಿ, ಒಂದು ವರ್ಷದಿಂದ ಗೋಡೆಯಲ್ಲೇ ಇತ್ತು. ಹಿಂಬದಿಯಲ್ಲೂ ಅಚ್ಚಾಗಿತ್ತು ಅಕ್ಕ. ಸಣ್ಣ ಅಕ್ಷರ. ಅರ್ಧ ಸುಣ್ಣಕ್ಕೆ ಹತ್ತಿಕೊಂಡಿತ್ತು, ಉಳಿದದ್ದನ್ನು ಓದಿದೆ: “ತಂಬಾಕು ಬಿಟ್ಟವರಲ್ಲೂ ಎರಡು ವಾರದಲ್ಲಿ ಮಾಯದ ಹುಣ್ಣು ಕಂಡರೆ ತಡಮಾಡದೆ...” ಆ ಬದಿಗೆ ಮೈದಾ ಅಂಟು ಸವರಿದವಳು ನಾನೇ.

ಭಾವನ ಪೆಟ್ಟಿಗೆಯಿಂದ ನೀನು ಕೇಳಿದ ಕನ್ನಡಕ, ಟವೆಲು ಕಳಿಸಿದ್ದೇನೆ. ಹಳೆಯ ತಂಬಾಕಿನ ಡಬ್ಬಿಯೂ ಇತ್ತು. ತೆರೆದು ನೋಡಿದೆ. ತುಂಬ ಲವಂಗ. ಅದನ್ನೂ ಪೊಟ್ಟಣದಲ್ಲಿ ಇಟ್ಟಿದ್ದೇನೆ, ಮೂಸಿ ನೋಡು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅವರ ಗಾಯ ಬೇಗ ಮಾಯಲಿ, ಗಂಟಲ ಕೊಳವೆ ತೆಗೆದ ದಿನ ನಿನ್ನನ್ನು ಬೈಯುವಷ್ಟು ದನಿ ಬರಲಿ. ಇಬ್ಬರೂ ಒಟ್ಟಿಗೆ ಮನೆಗೆ ಬನ್ನಿ.

ನಿನ್ನ ತಂಗಿ

ತಾ.ಕ.: ಅವರು ಯಾರಿಗೂ ಹೇಳಲಿಲ್ಲ ಎಂಬುದು ಸುಳ್ಳು. ತೊಂಬತ್ತೊಂದನೆಯ ದಿನ ಬೆಳಿಗ್ಗೆ ನಾನು ಅಂಕಿ ಬರೆಯುವಾಗ ಪಕ್ಕಕ್ಕೆ ಬಂದು, “ನೀನು ಓದಿದವಳು, ಇದೇನು ನೋಡು” ಎಂದು ಬಾಯಿ ತೆರೆದರು. ನಾನು ಸರಿಯಾಗಿ ನೋಡಲೇ ಇಲ್ಲ. “ಬಿಟ್ಟವರಿಗೆ ಹುಣ್ಣು ಯಾಕಾಗುತ್ತೆ ಭಾವ? ಮತ್ತೆ ಶುರು ಮಾಡಿದೀರಾ? ಹೌದು ಅಂದ್ರೆ ಇವತ್ತೇ ಒರೆಸ್ತೀನಿ, ಭಾವ ಅಂತ ನೋಡಲ್ಲ” ಎಂದೆ. ಗಟ್ಟಿಯಾಗಿಯೇ ಎಂದೆ, ನಾಲ್ಕು ಜನ ತಿರುಗಿ ನೋಡಿದರು. ಅವರು ನಕ್ಕು, “ಕೆನ್ನೆ ಕಚ್ಕೊಂಡಿರ್ಬೇಕು ಬಿಡು” ಎಂದು ಬಾಯಿ ಮುಚ್ಚಿದರು. ಆಮೇಲೆ ನಾಲ್ಕು ತಿಂಗಳು ಯಾರಿಗೂ ತೆರೆಯಲಿಲ್ಲ. ಕದ್ದು ತಿನ್ನಲೂ ಇಲ್ಲ. ಈಗ ಆ ಚೀಟಿ ಬರೆದದ್ದು ನನ್ನನ್ನು ನಿನ್ನ ಸಿಟ್ಟಿನಿಂದ ಉಳಿಸಲು.

ಇದನ್ನು ಓದಿದ ಕೂಡಲೇ ಅವರ ಹತ್ತಿರ ಮಾತಾಡು ಅಕ್ಕ. ನನ್ನ ಹತ್ತಿರ ಆಮೇಲೆ. ಆಗದಿದ್ದರೆ, ಬೇಡ.