ಅವ್ವನ ಖೂನ

೯ ಏಪ್ರಿಲ್ ೧೯೩೪, ಸೋಮವಾರ

ಧೋಬಿಗೆ ಹನ್ನೊಂದು ಬಟ್ಟೆ. ಕಳೆದ ಸಲ ಕೆಳಗಿನ ಮನೆ ಪಂಢರಿನಾಥರ ಧೋತರ ನಮಗೆ ಬಂತು, ನಮ್ಮದು ಅವರಿಗೆ ಹೋಯಿತು. ಅದಕ್ಕೇ ಈ ಸಲ ಎಲ್ಲದರ ಮೂಲೆಗೂ ಕೆಂಪು ದಾರದ ಖೂನ ಹಾಕಿದೆ. ಅವ್ವನ ಸೀರೆಗೆ ಎರಡು ಹೊಲಿಗೆ, ಬಾಳಣ್ಣನ ಅಂಗಿಗೆ ಒಂದು.

ಸಂಜೆ ಅವ್ವ ಗುಡಿಯಿಂದ ಬಂದಾಗ ಬಾಳಣ್ಣ ಬಾಗಿಲಿಗೆ ಅಡ್ಡ ನಿಂತ. "ಯಾರು ಬೇಕಾಗಿತ್ರಿ?" ಅಂದ. ಅವ್ವ ನಕ್ಕಳು. "ಯಾಕೋ, ನನ್ನ ಖೂನ ಹಿಡೀಲಿಲ್ಲೇನು?" ಅವನು ನಗಲಿಲ್ಲ. ಅವ್ವ ಕೈ ಮುಂದೆ ಚಾಚಿ ತುಳಸಿಕಟ್ಟೆಯ ಹಚ್ಚೆ ತೋರಿಸಿದಳು. ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಸರಿದ. ಪ್ರೆಸ್ಸಿನ ಕೆಲಸಕ್ಕೂ ಮೂರು ದಿನದಿಂದ ಹೋಗಿಲ್ಲ.

ಹಾಳೆ ತಿರುವಿದೆ. ತೆಳ್ಳಗಿನ ಕಾಗದ, ಮುಂದಿನ ಶಾಯಿ ಹಿಂದೆ ಮೂಡುತ್ತದೆ.

ಅವ್ವ ನಾಳೆ ಅವನನ್ನು ಡಾಕ್ಟರಿಗೆ ತೋರಿಸೋಣ ಅಂದಳು. ನಾನೇ ಬೇಡ ಅಂದೆ. ಜೂನ್ ನಾಲ್ಕಕ್ಕೆ ನನ್ನ ಲಗ್ನ. ಬೆಳಗಾವಿಯ ಬೀಗರ ಕಿವಿಗೆ ಬಿದ್ದರೆ ಮುಗಿಯಿತು. ಅಲ್ಲಿಯ ತನಕ ಯಾರ ಮುಂದೂ ಆಡಕೂಡದು, ಕಾಕಾನ ಮುಂದೂ. ಆಣೆ ಹಾಕಿಸಿಕೊಂಡೆ. ಅವ್ವ ನನ್ನ ಮುಖ ನೋಡಿದಳು. ಒಪ್ಪಿದಳು.

೧೨ ಏಪ್ರಿಲ್, ಗುರುವಾರ

ಅವ್ವ ಬಡಿಸಿದರೆ ಬಾಳಣ್ಣ ಉಣ್ಣುವುದಿಲ್ಲ. ತಾಟು ನನ್ನ ಕಡೆ ಸರಿಸುತ್ತಾನೆ. ನಾನು ಬಡಿಸಿದೆ, ಉಂಡ. ಅವ್ವ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು.

ಇನ್ನು ಐವತ್ಮೂರು ದಿನ.

೨ ಮೇ, ಬುಧವಾರ

ಹದಿಮೂರು ದಿನ ಮುಗಿದವು. ಕಾಕಾನ ಮನೆಯಲ್ಲಿದ್ದೇನೆ. ಅಪ್ಪ ಹೋದ ಮೇಲೆ ಅವನ ತಮ್ಮ ಮಾರ್ತಾಂಡ ಕಾಕಾನೇ ನಮಗೆ ಹಿರಿಯ.

ಬರೆದುಬಿಡುತ್ತೇನೆ. ಹತ್ತೊಂಬತ್ತನೆಯ ತಾರೀಖು, ಮಧ್ಯಾಹ್ನ. ನಾನು ಕೆಳಗೆ ನಳದ ಹತ್ತಿರ ಇದ್ದೆ. ಮೇಲೆ ಬಾಳಣ್ಣ ಒನಕೆಯಿಂದ ಅವ್ವನನ್ನು ಹೊಡೆದ. ಸದ್ದಿಗೆ ಮೊದಲು ಮೆಟ್ಟಿಲು ಹತ್ತಿದವರು ಪಂಢರಿನಾಥರು. ನಾನು ಹೋಗುವಷ್ಟರಲ್ಲಿ ಅವ್ವ ಇರಲಿಲ್ಲ. ಬಾಳಣ್ಣ ಅವಳ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಪೋಲೀಸರು ಬಂದಾಗಲೂ ಬಿಡಲಿಲ್ಲ.

ಧೋಬಿ ನಿನ್ನೆ ಬಟ್ಟೆ ತಂದ. ಎರಡು ಹೊಲಿಗೆಯ ಸೀರೆ ತಿರುಗಿ ಬಂತು.

೨೧ ಮೇ, ಸೋಮವಾರ

ಬೆಳಗಾವಿಯಿಂದ ಪತ್ರ. ತಾಯಿ ಹೋದ ವರ್ಷದೊಳಗೇ ಲಗ್ನ ಮಾಡಿಬಿಡೋಣ ಅಂತ. ನಂಬಲಿಲ್ಲ ನಾನು. ಕಾಕಾ ಅವರಿಗೆ ಏನು ಬರೆದಿದ್ದ ಅಂತ ಅವನ ಹೆಂಡತಿ ಕೃಷ್ಣಾಬಾಯಿ ಕಾಕು ಹೇಳಿದಳು. ಹುಡುಗ ಮುಂಗೋಪಿ, ಮಾತಿಗೆ ಮಾತು ಬೆಳೆಯಿತು, ಕೈ ಮೀರಿತು—ಅಷ್ಟೇ.

ಹಾಗಲ್ಲವಲ್ಲ ಅಂದೆ. ಅವನಿಗೆ ತಲೆ ಕೆಟ್ಟಿತ್ತು ಅಂದೆ.

ಕಾಕಾ ಕನ್ನಡಕ ತೆಗೆದಿಟ್ಟ. ದನಿ ಏರಿಸಲಿಲ್ಲ. "ಸಿಟ್ಟು ಒಬ್ಬಾಂವಂದು, ಗೋದಾ. ಹುಚ್ಚು ಮನೆತನದ್ದು. ನನಗೂ ಎರಡು ಹೆಣ್ಣು ಅವ."

ಅಂದರೆ ಬಾಳಣ್ಣ ಕೊಲೆಗಾರನಾಗಿ ಗಲ್ಲಿಗೇರಿದರೆ ನಮಗೆಲ್ಲ ಲಗ್ನ. ಹುಚ್ಚನಾಗಿ ಬದುಕಿದರೆ ಇಲ್ಲ.

ನಾನು ಊಟಕ್ಕೆ ಏಳಲಿಲ್ಲ.

೪ ಜೂನ್, ಸೋಮವಾರ

ಇವತ್ತು ಲಗ್ನ ಆಗಬೇಕಿತ್ತು. ಟಾಂಗಾ ಹಿಡಿದು ಯೆರವಾಡೆಯ ಜೈಲಿಗೆ ಹೋದೆ. ಕಾಕುಗೆ ಗುಡಿಗೆ ಅಂತ ಹೇಳಿದೆ.

ಬಾಳಣ್ಣ ಶಾಂತ ಇದ್ದಾನೆ. ಗಡ್ಡ ಬೋಳಿಸಿದ್ದಾರೆ. ಅಕ್ಕಿ ದಪ್ಪ, ಸಾರು ನೀರು ಅಂತ ಅಂದ. ಹಾಗೆಲ್ಲ ಸರಿಯಾಗೇ ಮಾತಾಡುತ್ತಾನೆ. ಅದೇ ತೊಂದರೆ.

ಅವ್ವನ ಹೆಸರು ಎತ್ತಿದೆ. ನಡುವಿನ ಕಬ್ಬಿಣದ ಜಾಳಿಗೆಗೆ ಹಣೆ ಹಚ್ಚಿದ. "ಅದು ಮನುಷ್ಯಾ ಆಗಿರಲಿಲ್ಲ, ಗೋದಾ. ಅವ್ವನ ಸೀರಿ ಉಟಗೊಂಡು ಏನೋ ಬಂದಿತ್ತು. ಬಿದ್ದ ಮ್ಯಾಲೆ ಕೈ ನೋಡಿದೆ. ಆವಾಗ ಅವ್ವ ಆತು."

ಎದ್ದು ಬರುವಾಗ ಕರೆದ. "ನಾ ಹುಚ್ಚ ಅಲ್ಲ ಅಂತ ಹೇಳು ಅವರಿಗೆ."

ಹೇಳುವುದಿಲ್ಲ. ಕಾಕಾನ ಮಾತೂ ಕೇಳುವುದಿಲ್ಲ, ಇವನದೂ ಕೇಳುವುದಿಲ್ಲ.

೧೬ ಜುಲೈ, ಸೋಮವಾರ

ಸರಕಾರವೇ ಬಾಳಣ್ಣನಿಗೆ ವಕೀಲರನ್ನು ಕೊಟ್ಟಿದೆ. ಮಧುಕರರಾವ್. ಮರಾಠಿಯವರು, ವಯಸ್ಸು ಕಡಿಮೆ, ಕೋಟಿನ ಗುಂಡಿ ಒಂದು ಹೋಗಿದೆ. ನಾನೇ ಹುಡುಕಿಕೊಂಡು ಹೋದೆ.

ಎಂಬತ್ತನಾಲ್ಕನೆಯ ಕಲಮು ಓದಿ ಹೇಳಿದರು. ಮೊದಲು ಹುಚ್ಚಿತ್ತು, ಆಮೇಲೆ ಹುಚ್ಚಿತ್ತು ಅಂದರೆ ಸಾಲದಂತೆ. ಹೊಡೆಯುವ ಆ ಗಳಿಗೆಯಲ್ಲಿ, ತಲೆ ಕೆಟ್ಟು, ತಾನು ಮಾಡುವುದು ಏನು ಅಂತಾಗಲಿ, ಅದು ತಪ್ಪು ಅಂತಾಗಲಿ ಅವನಿಗೆ ತಿಳಿಯದೆ ಇರಬೇಕು. ಹಾಗಿದ್ದರೆ ಗಲ್ಲಿಲ್ಲ. ಬಿಡುಗಡೆಯೂ ಇಲ್ಲ. ಹುಚ್ಚರ ಆಸ್ಪತ್ರೆ, ಸರಕಾರ ಬಿಡುವ ತನಕ. ಇರಲಿ ಅಂದೆ. ಜೀವ ಇರಲಿ.

ಆದರೆ ಪಂಢರಿನಾಥರ ಸಾಕ್ಷಿ ಕೆಟ್ಟದ್ದು ಅಂದರು. ಒಳಗೆ ಹೋದ ತಕ್ಷಣ ಬಾಳಣ್ಣ ಅವರ ಮುಖ ನೋಡಿ ಹೇಳಿದನಂತೆ: "ಖೂನ ಆತು. ಅವ್ವಂದು." ಪಂಢರಿನಾಥರು ಮರಾಠಿಯವರು, ಇಪ್ಪತ್ತು ವರ್ಷ ನಮ್ಮ ನೆರೆ, ನಮ್ಮ ಧಾರವಾಡದ ಮಾತು ಅಷ್ಟಿಷ್ಟು ಬರುತ್ತದೆ. ಕೊಲೆ ಆಯಿತು, ತಾಯಿಯದು—ಅಂತ ಬರೆಸಿದ್ದಾರೆ. ಮಾಡಿದ್ದಕ್ಕೆ ಕೊಲೆ ಅಂತ ತಾನೇ ಹೆಸರಿಟ್ಟವನಿಗೆ ಅದು ತಪ್ಪೆಂದು ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ಎದ್ದು ನಿಂತೆ. ಖೂನ ಅಂದರೆ ನಮ್ಮ ಮನೆಯಲ್ಲಿ ಅದಲ್ಲ ಅಂದೆ. ಗುರುತು. ಅವ್ವನ ಕೈ ಹಿಡಿದುಕೊಂಡಿದ್ದ, ಹಚ್ಚೆ ನೋಡಿದ್ದ. ಗುರುತು ಸಿಕ್ಕಿತು, ಅವ್ವನದು—ಅಂದಿದ್ದಾನೆ. ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಮಧುಕರರಾವ್ ಲೇಖಣಿ ಕೆಳಗಿಟ್ಟರು. ಮರಾಠಿಯಲ್ಲಿ ಗುರುತಿಗೆ ಖೂಣ, ಕೊಲೆಗೆ ಖೂನ, ನಿಮಗೇನು ಣಕಾರ ಬರುವುದಿಲ್ಲವೇ ಅಂತ ಕೇಳಿದರು. ಬರುತ್ತದೆ, ಈ ಮಾತಿನಲ್ಲಿ ಹಚ್ಚುವುದಿಲ್ಲ ಅಂದೆ. ಒಂದು ಣಕಾರಕ್ಕೆ ನಿಮ್ಮ ಅಣ್ಣನ ಕುತ್ತಿಗೆ ಅಂದರು. ನಗಲು ಹೋದರು, ಆಗಲಿಲ್ಲ.

೩೦ ಜುಲೈ, ಸೋಮವಾರ

ಕೋರ್ಟು. ಕಾಕಾ ಸಾಕ್ಷಿ ಹೇಳಿದ: ಮನೆತನದಲ್ಲಿ ಹುಚ್ಚಿಲ್ಲ, ಹುಡುಗನಲ್ಲೂ ಕಂಡಿಲ್ಲ. ಸುಳ್ಳಲ್ಲ. ಅವನಿಗೆ ಕಾಣದ ಹಾಗೆ ಮಾಡಿದವಳು ನಾನು.

ಪಂಢರಿನಾಥರು ಕೇಳಿಸಿದ್ದನ್ನು ಕೇಳಿಸಿದ ಹಾಗೆ ಹೇಳಿದರು. ಇಳಿದು ಬರುವಾಗ ನನ್ನ ನೋಡಿ ಕೈ ಮುಗಿದರು.

ಮಾತಿನ ಅರ್ಥ ಹೇಳಲು ಕನ್ನಡ ಬಲ್ಲ ಗುಮಾಸ್ತರೊಬ್ಬರನ್ನು ಕರೆಸಿದ್ದರು. ಮಂಗಳೂರಿನ ಕಡೆಯವರು. ಕನ್ನಡದಲ್ಲಿ ಗುರುತಿಗೆ ಗುರುತು ಅಂತಲೇ ಅನ್ನುತ್ತಾರೆ, ಖೂನ ಅಂತ ತಾನು ಹುಟ್ಟಿದಾಗಿನಿಂದ ಕೇಳಿಲ್ಲ ಅಂದರು. ಜ್ಯೂರಿಯಲ್ಲಿ ಇಬ್ಬರು ನಕ್ಕರು.

ನನ್ನನ್ನು ಕರೆದರು. ಸೆರಗು ಬಿಗಿ ಹಿಡಿದು ಹತ್ತಿದೆ. ಧಾರವಾಡದ ಕಡೆ ಬಂದು ಕೇಳಿರಿ, ಖೂನ ಹಿಡಿಯದ ಮನೆ ಇಲ್ಲ ಅಂದೆ. ಸರಕಾರಿ ವಕೀಲರು ನಯವಾಗಿ ಕೇಳಿದರು: ನೀವು ತಂಗಿ. ಈ ಅರ್ಥ ಕೇಸು ಆದ ಮೇಲೆ ಹುಟ್ಟಿದ್ದಲ್ಲ ಅಂತ ಹೇಗೆ ನಂಬೋದು? ಮೊದಲೇ ಎಲ್ಲಾದರೂ ಬರೆದದ್ದು ಇದೆಯೇ?

ಬಾಳಣ್ಣ ಕಟಕಟೆಯಲ್ಲಿ ಉಗುರು ನೋಡುತ್ತಿದ್ದ.

ಇದೆ ಅಂದೆ. ಏಪ್ರಿಲ್ ಒಂಬತ್ತನೆಯ ತಾರೀಖು. ನನ್ನ ದಿನಚರಿಯ ವಹಿಯಲ್ಲಿ.

೩೧ ಜುಲೈ, ಮಂಗಳವಾರ

ಕೋರ್ಟಿಗೆ ಇವತ್ತು ಬಿಡುವು, ವಹಿ ನಾಳೆ ಕೊಡಬೇಕು. ಕಾಕಾ ಆಫೀಸಿಗೆ ಹೋಗಲಿಲ್ಲ. ಆ ಹಾಳೆ ಕೇಳಿದ, ಕೊಟ್ಟೆ. ಮುಂದಿನ ಮಗ್ಗುಲು ಓದಿದ. ತಿರುವಿದ. ಹಿಂದಿನದನ್ನು ಎರಡು ಸಲ ಓದಿದ.

"ನೀನಽ ಮುಚ್ಚಿಟ್ಟಿ."

"ಹೌದು ಕಾಕಾ."

"ನನಗ ಹೇಳಿದ್ರ…" ಅಷ್ಟಕ್ಕೇ ನಿಲ್ಲಿಸಿದ. ಅವನೂ ಮುಚ್ಚುತ್ತಿದ್ದ. ಇಬ್ಬರಿಗೂ ಗೊತ್ತು.

ಕಾಕು ಅಂಟು ಕಲಸಿ ತಂದಳು. ಹಿಂದಿನ ಮಗ್ಗುಲಿಗೆ ಕಾಗದ ಹಚ್ಚಿಬಿಡು, ಖೂನ ಇರೋದು ಮುಂದ, ಅಷ್ಟು ತೋರಿಸು ಅಂದಳು. ಲಗ್ನಕ್ಕಾಗಿ ಹುಚ್ಚು ಮುಚ್ಚಿದ ಹುಡುಗಿ ಅಂತ ಪೇಪರಿನಲ್ಲಿ ಬಂದರೆ ನನ್ನನ್ನು ಯಾವ ಮನೆಯವರೂ ಮಾಡಿಕೊಳ್ಳುವುದಿಲ್ಲ. ತನ್ನ ಮಕ್ಕಳ ಮಾತು ಎತ್ತಲೇ ಇಲ್ಲ. ಪಾಪ, ನನ್ನ ಮೇಲಿನ ಅಂತಃಕರಣವೇ.

ಹಚ್ಚಿದರೆ ಸರಕಾರಿ ವಕೀಲರು ಮೊದಲು ಅದನ್ನೇ ಕೀಳುತ್ತಾರೆ. ಕಿತ್ತರೆ ಮುಂದಿನದೂ ಸುಳ್ಳಾಗುತ್ತದೆ. ಡಾಕ್ಟರಿಗೆ ತೋರಿಸಬೇಕು ಅಂತ ಅವ್ವನಿಗೆ ಅನ್ನಿಸಿದ್ದು ಬರೆದಿರುವುದೂ ಹಿಂದೆಯೇ. ಅದೂ ಬೇಕು.

"ಬೆಳಗಾವಿಗೆ ಬರದು ಹಾಕ್ರಿ, ಕಾಕಾ," ಅಂದೆ. "ಹುಡುಗಿ ಒಲ್ಲೆ ಅಂದ್ಲು ಅಂತ. ಹುಚ್ಚನ ತಂಗಿ ಅಂತನೂ ಬರೀರಿ."

ಕಾಕಾ ಅಂಟಿನ ಬಟ್ಟಲು ಎತ್ತಿ ತಾನೇ ಒಳಗೆ ಇಟ್ಟು ಬಂದ.

೧ ಆಗಸ್ಟ್, ಬುಧವಾರ, ಬೆಳಗ್ಗೆ ಒಂಬತ್ತು

ಮಧುಕರರಾವ್ ತಮ್ಮ ಗುಮಾಸ್ತರನ್ನು ಕಳಿಸುತ್ತೇನೆ ಅಂದಿದ್ದಾರೆ. ವಹಿ ಎಂದು ತಿರುಗಿ ಬರುವುದೋ ಗೊತ್ತಿಲ್ಲ.

ಯಾರೂ ಓದುವುದಿಲ್ಲ ಅಂತ ಬರೆದದ್ದು. ಇನ್ನು ಓದುವವರು ಓದಲಿ. ಇಂಗ್ಲಿಷಿಗೆ ತಿರುಗಿಸಲಿ. ಮಂಗಳೂರಿನವರೂ ಕಣ್ಣಾರೆ ನೋಡಲಿ—ನನ್ನ ಅಕ್ಷರ, ನನ್ನ ತಾರೀಖು, ಅವ್ವ ಇನ್ನೂ ಬದುಕಿದ್ದಾಗ ಅವಳ ಬಾಯಲ್ಲಿದ್ದ ಮಾತು. ಆ ಹಾಳೆಗೆ ಕೆಂಪು ದಾರ ಇಟ್ಟಿದ್ದೇನೆ, ಧೋಬಿಯ ಬಟ್ಟೆಗೆ ಹಾಕುವುದೇ. ಎರಡೂ ಮಗ್ಗುಲು ಓದಬೇಕು. ಮುಂದೆ ಇರುವವನು ಬಾಳಣ್ಣ. ಹಿಂದೆ ಇರುವವಳು ನಾನು. ನನಗೆ ತಲೆ ಸರಿಯಿತ್ತು. ನನ್ನನ್ನು ಕೇಳುವ ಕಲಮು ಅವರ ಪುಸ್ತಕದಲ್ಲಿಲ್ಲ, ಅದಕ್ಕೆ ನಾನೇ ಬರೆದು ಕೊಡುತ್ತಿದ್ದೇನೆ.

ಕಾಕಾ ಜರಿ ರುಮಾಲು ಸುತ್ತಿಕೊಂಡು ಪಡಸಾಲೆಯಲ್ಲಿ ನಿಂತಿದ್ದಾನೆ. ಎಲ್ಲಿಗೆ ಅಂತ ಕಾಕು ಕೇಳಿದಳು. ಕೋರ್ಟಿಗೆ, ಗೋದಾ ಒಬ್ಬಾಕಿನೇ ಹೋಗಬೇಕೇನು ಅಂದ.

ಕೆಳಗಿನಿಂದ ಕೂಗುತ್ತಿದ್ದಾರೆ. ಬಂದೆ ಅಂದೆ.

ಒಂದು ಬರೆಯುವುದು ಬಿಟ್ಟುಹೋಗಿತ್ತು. ಹಚ್ಚೆ ಇದ್ದದ್ದು ಅವ್ವನ ಎಡಗೈಗೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ. ತುಳಸಿಕಟ್ಟೆ, ಅದರ ಪಕ್ಕ ಎರಡು ಚುಕ್ಕಿ. ಆ ಚುಕ್ಕಿ ಯಾರದು ಅಂತ ಸಣ್ಣವರಿದ್ದಾಗ ನಾವು ಕೇಳಿದರೆ ಅವ್ವ ಅನ್ನುತ್ತಿದ್ದಳು, ಒಂದು ಬಾಳು, ಇನ್ನೊಂದು—